ತೆಗೆದುಕೊಳ್ಳುವ ವೇಗ

ತನ್ನ ಪ್ರೋಗ್ರಾಮಿನ ಆ ಒಂದು ಸಾಲನ್ನು ಇವತ್ತು ಬದಲಾಯಿಸಿಬಿಡುವುದೋ, ಬೇಡವೋ? ಬದಲಾಯಿಸಿದರೆ ಮಧ್ಯಾಹ್ನದೊಳಗೆ ಎಲ್ಲ ಮುಗಿದುಹೋಗುತ್ತದೆ. ಸಂಜೆಯ ಬಸ್ಸಿಗೆ ಕೆ.ಆರ್. ನಗರಕ್ಕೆ ಹೋಗುವ ಪಕ್ಕದ ಕೋಣೆಯ ಬೃಂದಾ ಮತ್ತೆ ಹುಣಸೂರಿಗೆ ಬರಬೇಕಾದ ಕಾರಣವೇ ಇರುವುದಿಲ್ಲ. ಬದಲಾಯಿಸದಿದ್ದರೆ? ಬದಲಾಯಿಸದಿದ್ದರೆ ಏನಾಗುತ್ತದೆಂಬುದನ್ನು ಉಮಾಶಂಕರ ಎಂದೂ ಕೊನೆಯವರೆಗೆ ಯೋಚಿಸಿರಲಿಲ್ಲ. ಯೋಚನೆ ಅಲ್ಲಿಗೆ ಬಂದ ಕೂಡಲೇ ಅವನ ಮನಸ್ಸು ಹೆಬ್ಬಾಗಿಲು ಬಿಟ್ಟು ಹಿತ್ತಿಲಿಗೆ ಹೋಗುವ ಹಸುವಿನ ಹಾಗೆ ಪಕ್ಕಕ್ಕೆ ಸರಿದುಬಿಡುತ್ತಿತ್ತು. ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ಸೌದೆ ತುಂಬಿದ ಲಾರಿಯೊಂದು ಕೆಟ್ಟು ನಿಂತು ಎರಡೂ ಕಡೆಯ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಸೊಪ್ಪು ಬೇಯಿಸುವ ಕಾಲ. ಹೊಗೆಸೊಪ್ಪಿನ ಸಿಹಿ ಬೆರೆತ ಘಾಟು ಊರಿನ ಮೇಲೆಲ್ಲ ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು. ಅವನಿಗೆ ಅದು ಹುಟ್ಟಿದಾಗಿನಿಂದ ಇದ್ದ ವಾಸನೆ, ಆದ್ದರಿಂದ ಗೊತ್ತೇ ಆಗುತ್ತಿರಲಿಲ್ಲ. ಬೃಂದಾ ಬಂದ ಮೊದಲ ದಿನ ಮೂಗಿಗೆ ಸೆರಗು ಹಿಡಿದು, "ಇದೇನ್ರೀ ಇದು, ಬೆಲ್ಲದ ಗಾಣಕ್ಕೆ ಬೆಂಕಿ ಬಿದ್ದಂಗಿದೆ" ಎಂದಿದ್ದಳು. ಆ ದಿನದಿಂದ ಅವನಿಗೂ ಗೊತ್ತಾಗತೊಡಗಿತ್ತು. ಈಗ ಊರಿನ ವಾಸನೆ ಅವಳ ಮೂಲಕವೇ ಅವನ ಬಳಿಗೆ ಬರುತ್ತಿತ್ತು.

ಕೆಲಸವೆಂದರೆ ಇಷ್ಟೇ. ಸೊಪ್ಪು ಕೊಳ್ಳುವ ಒಂದು ಖಾಸಗಿ ಕಂಪನಿಗೆ, ಹುಣಸೂರು ಪಿರಿಯಾಪಟ್ಟಣದಲ್ಲಿ ಸೊಪ್ಪು ಬೇಯಿಸುವ ಗೂಡುಗಳಾದ ಬ್ಯಾರನ್‌ಗಳೊಳಗೆಲ್ಲ ಒಂದೊಂದು ಸಣ್ಣ ಯಂತ್ರ ಇಟ್ಟು, ಒಳಗಿನ ಶಾಖ ಎಷ್ಟಿದೆಯೆಂದು ಕೂತಲ್ಲೇ ತಿಳಿಯುವ ಆಸೆ ಹುಟ್ಟಿತ್ತು. ಯಂತ್ರಗಳು ಇನ್ನೂ ತಯಾರಾಗಿರಲಿಲ್ಲ. ತಯಾರಾದ ಮೇಲೆ ಸಾವಿರಾರು ಬ್ಯಾರನ್‌ಗಳು ಒಟ್ಟಿಗೆ ಬಾಯಿ ಬಿಟ್ಟರೆ ಕಂಪ್ಯೂಟರು ಅದನ್ನೆಲ್ಲ ಕೇಳಿಸಿಕೊಂಡು ಬರೆದಿಟ್ಟುಕೊಳ್ಳಬಲ್ಲುದೇ ಎಂಬುದನ್ನು ಮೊದಲು ತೋರಿಸಿ ಎಂದು ಕಂಪನಿಯವರು ಕೇಳಿದ್ದರು. ತೋರಿಸುತ್ತೇನೆಂದು ಒಪ್ಪಿಕೊಂಡವರು ಮೈಸೂರಿನ ನೀಲಕಂಠಸ್ವಾಮಿ. ಅವರು ಮುಂಚೆ ಯುಪಿಎಸ್ ಮಾರುತ್ತಿದ್ದರು. ಹುಣಸೂರಿನ ಬಜಾರಿನಲ್ಲಿ, ಬಸವಮ್ಮನ ಟೀ ಅಂಗಡಿಯ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದು, ಒಂದರಲ್ಲಿ ಬೃಂದಾಳನ್ನೂ ಒಂದರಲ್ಲಿ ಉಮಾಶಂಕರನನ್ನೂ ಕೂರಿಸಿದ್ದರು. ಬೃಂದಾಳ ಕಂಪ್ಯೂಟರು ಬ್ಯಾರನ್‌ಗಳ ಹಾಗೆ ನಟಿಸಬೇಕು, ಇಲ್ಲದ ಶಾಖವನ್ನು ಸಾಲುಸಾಲಾಗಿ ಕಳಿಸಬೇಕು. ಗೋಡೆಯಲ್ಲಿ ಕೊರೆದ ತೂತಿನಿಂದ ಬರುವ ನೀಲಿ ತಂತಿಯ ಈ ಕೊನೆಯಲ್ಲಿ ಕೂತು ಉಮಾಶಂಕರನ ಡೇಟಾಬೇಸು ಅದನ್ನು ತೆಗೆದುಕೊಳ್ಳಬೇಕು. ಸೆಕೆಂಡಿಗೆ ಸಾವಿರ ಸಾಲು ತೆಗೆದುಕೊಂಡರೆ ಗೆದ್ದಂತೆ. ನೂರು ಚಿಲ್ಲರೆಯ ಮೇಲೆ ಅದು ಏಳುತ್ತಿರಲಿಲ್ಲ.

ಏಕೆ ಏಳುತ್ತಿಲ್ಲವೆಂದು ಉಮಾಶಂಕರನಿಗೆ ಗೊತ್ತಿತ್ತು. ಬಂದ ಪ್ರತಿಯೊಂದು ಸಾಲನ್ನೂ ಡಿಸ್ಕಿನ ಮೇಲೆ ಬರೆದು, ಬರೆದದ್ದು ಭದ್ರವಾಗಿ ಕೂತಿತೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಿನ ಸಾಲಿಗೆ ಕೈ ಚಾಚಬೇಕೆಂದು ಅವನೇ ತನ್ನ ಪ್ರೋಗ್ರಾಮಿನ ಒಂದು ಸಾಲಿನಲ್ಲಿ ಮೊದಲಿಗೆ ಬರೆದಿದ್ದ. ಆಗ ಅದು ಕಳ್ಳತನವಾಗಿರಲಿಲ್ಲ, ಬರೀ ಪುಕ್ಕಲುತನ. ಒಂದು ಸಾಲೂ ಕಳೆಯಬಾರದೆಂಬ ಬಡವರ ಮನೆಯ ಜಾಗ್ರತೆ. ಬೃಂದಾ ಜ್ವರವೆಂದು ಬಾರದ ಒಂದು ದಿನ, ಅವಳ ಕೋಣೆಗೆ ಹೋಗಿ ಅವಳ ಪ್ರೋಗ್ರಾಮನ್ನು ತಾನೇ ಚಾಲೂ ಮಾಡಿ ಬಂದು, ಸುಮ್ಮನೆ ನೋಡೋಣವೆಂದು ಆ ಸಾಲನ್ನು ತಿದ್ದಿ, ಬಂದದ್ದನ್ನು ನೂರಾರಾಗಿ ಒಟ್ಟುಗೂಡಿಸಿ ಒಂದೇ ಸಲ ಬರೆಯುವಂತೆ ಮಾಡಿದ್ದ. ಪರದೆಯ ಮೇಲಿನ ಅಂಕಿ ಸಾವಿರವನ್ನು ದಾಟಿ ಹೋಯಿತು. ದಾಟಿದ ಮೇಲೂ ಏರುತ್ತಲೇ ಇತ್ತು. ಪಕ್ಕದ ಕೋಣೆಯಲ್ಲಿ ಅವಳ ಖಾಲಿ ಕುರ್ಚಿ, ಕುರ್ಚಿಯ ಬೆನ್ನಿಗೆ ಮರೆತು ಹೋದ ಅವಳ ನಸುಹಳದಿ ಸ್ವೆಟರು. ಇಲ್ಲದ ಬ್ಯಾರನ್‌ಗಳು ಇಲ್ಲದವಳ ಕೋಣೆಯಿಂದ ಧಾರಾಕಾರವಾಗಿ ಬಂದು ಅವನೊಳಗೆ ಇಳಿಯುತ್ತಿದ್ದವು. ಇನ್ನು ಅವಳು ಬರುವುದಿಲ್ಲ ಎಂದುಕೊಂಡ. ಗೆದ್ದೆ ಎನ್ನುವ ಮಾತು ಆಮೇಲೆ, ತಡವಾಗಿ, ಬೇರೆ ಯಾರದೋ ಮನೆಯ ಮದುವೆ ವಾಲಗದ ಹಾಗೆ ದೂರದಿಂದ ಕೇಳಿಸಿತು. ಅಷ್ಟರಲ್ಲಿ ಅವನ ಕೈ ಆ ಸಾಲನ್ನು ಮೊದಲಿನಂತೆ ಮಾಡಿಬಿಟ್ಟಿತ್ತು.

ಊರಲ್ಲಿ ಬ್ಯಾರನ್ ತುಂಬುವ ದಿನವೂ ಹೀಗೆಯೇ. ಸೊಪ್ಪು ಕಟ್ಟಿದ ಕಡ್ಡಿಗಳನ್ನು ಹೊರಗಿನಿಂದ ಒಬ್ಬರಿಂದೊಬ್ಬರು ಕೈ ಬದಲಾಯಿಸುತ್ತ ಒಳಗೆ ತರಬೇಕು. ಒಳಗೆ ಮೇಲುಮೇಲಕ್ಕೆ ಅಡ್ಡ ಕಟ್ಟಿದ ಗಳುಗಳ ಮೇಲೆ ಕಾಲಗಲಿಸಿ ನಿಂತವನೊಬ್ಬ ಬಗ್ಗಿ ಕಡ್ಡಿ ಈಸಿಕೊಂಡು ಸಾಲಾಗಿ ನೇತುಹಾಕುತ್ತ ಹೋಗಬೇಕು. ಕೆಳಗೆ ಎಷ್ಟೇ ಜನ ಇರಲಿ, ಎಷ್ಟೇ ಚುರುಕಾಗಿರಲಿ, ಮೇಲಿನವನು ತೆಗೆದುಕೊಂಡಷ್ಟೇ ವೇಗ. ಚಲುವರಾಜು ಮಾವ ಮೇಲೆ ನಿಂತಿದ್ದ ವರ್ಷ ಅವನಿಗೆ ಚೆನ್ನಾಗಿ ನೆನಪಿದೆ. ಕೆಳಗೆ ಕೊನೆಯ ಕೈ ಶೃತಿಯದು. ಅವಳಿಗೂ ಮಾವನಿಗೂ ಮಾತುಕತೆ ಆಗಿ ವೀಳ್ಯ ಬದಲಾಯಿಸಿದ್ದರು. ಮಾವ ಕಡ್ಡಿಗೆ ಬಗ್ಗಿದವನು ಏಳುತ್ತಲೇ ಇರಲಿಲ್ಲ. ಹೊರಗೆ ಬಿಸಿಲಿಗೆ ಸೊಪ್ಪು ಬಾಡುತ್ತಿತ್ತು. "ಏನ್ಲಾ ಚಲ್ವ, ಕೈಗೇನು ಲಕ್ವ ಒಡೀತಾ?" ಎಂದು ಮಂಟಯ್ಯ ಕೂಗಿದ. ಸೊಪ್ಪು ಕಟ್ಟುತ್ತ ಕೂತಿದ್ದ ಅಜ್ಜಿ ಚಿಕ್ಕಸಿದ್ದಮ್ಮ ತಲೆಯೆತ್ತದೆ, "ಬುಡ್ರೋ ಅತ್ಲಾಗೆ, ಅವ್ನು ಕಡ್ಡಿ ಈಸ್ಕತಿಲ್ಲ ಕಣ್ರೋ, ಕೈ ಈಸ್ಕತಾವ್ನೆ" ಎಂದಳು. ಬ್ಯಾರನ್ನಿನ ಒಳಗೂ ಹೊರಗೂ ಎದ್ದ ನಗೆಗೆ ಶೃತಿ ಕಡ್ಡಿ ಬಿಟ್ಟು ಮುಖ ಮುಚ್ಚಿಕೊಂಡಳು. ಮಾಘ ಮಾಸದಲ್ಲಿ ಮದುವೆಯಾಯಿತು. ಮಾವನ ನಿಧಾನವನ್ನು ಊರೆಲ್ಲ ಕಂಡಿತ್ತು, ನಕ್ಕಿತ್ತು, ನಕ್ಕು ಹರಸಿತ್ತು. ತನ್ನ ನಿಧಾನವನ್ನು ನೋಡುವವರು ಯಾರೂ ಇಲ್ಲ. ಯಾರೂ ನಗದ ನಿಧಾನ ಒಳಗೊಳಗೇ ಬೂಷ್ಟು ಹಿಡಿಯುತ್ತದೆ ಎಂದು ಉಮಾಶಂಕರನಿಗೆ ಅನ್ನಿಸುತ್ತಿತ್ತು.

"ಏನಪ್ಪಾ ಉಮಾಸಂಕ್ರಾ, ಇವತ್ತು ನಿಮ್ ಸಾಹೇಬ್ರು ಬತ್ತಾರಂತೆ?" ಬಸವಮ್ಮ ಹಾಲು ಬಗ್ಗಿಸುತ್ತ ಕೇಳಿದಳು.

"ಬರ್ತಾರೆ ಕಣಮ್ಮ. ಕಂಪ್ನಿಯೋರೂ ಬರ್ತಾರೆ."

"ಆ ಹೆಣ್ಮಗ ಆಗ್ಲೇ ಬಂದು ಕುಂತದೆ ಮೇಲೆ. ಮೊದಲ್ನೇ ಬಸ್ಗೇ ಬಂತು. ತಿಂಡೀನೂ ತಿಂದಿಲ್ಲ, ಟೀನೂ ಒಲ್ಲೆ ಅಂತು. ತಕೊಂಡೋಗು, ನೀ ಕೊಟ್ರೆ ಕುಡ್ದಾಳು." ಎರಡು ಲೋಟ ತುಂಬಿ ಮುಂದಕ್ಕೆ ತಳ್ಳಿದಳು. "ಅಲ್ಲ ಕಣಪ್ಪ, ಆ ಕೋಣೇಲಿ ಕುಂತು ಅವ್ಳು ಕಳ್ಸದು, ಈ ಕೋಣೇಲಿ ಕುಂತು ನೀನು ಇಸ್ಕಳದು. ಎಷ್ಟ್ ದಿನ ಅಂತ ಬರೀ ಸೊಪ್ಪಿನ ಬಿಸೀನೇ ಕಳ್ಸ್ಕತೀರಿ ಇಬ್ರೂವೆ?"

ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಇಬ್ಬರು ನಕ್ಕರು. ಉಮಾಶಂಕರ ನಗಲು ಹೋಗಿ ಟೀ ಚೆಲ್ಲಿಕೊಂಡ.

ಮಹಡಿಯಲ್ಲಿ ಬೃಂದಾ ಕೀಲಿಮಣೆಯ ಮೇಲೆ ಬಗ್ಗಿದ್ದಳು. ಜಡೆ ಹಿಂದಿನ ದಿನದ್ದೇ ಇರಬೇಕು, ಎಳೆಗಳು ಬಿಚ್ಚಿಕೊಂಡು ಕತ್ತಿನ ಬೆವರಿಗೆ ಅಂಟಿದ್ದವು. ಟೀ ಲೋಟವನ್ನು ನೋಡದೆ ಕೈ ಚಾಚಿ ತೆಗೆದುಕೊಂಡಳು. ಬೆರಳಿಗೆ ಬೆರಳು ತಾಗಲಿಲ್ಲ. ತಾಗದಂತೆ ಲೋಟದ ಅಂಚನ್ನು ಹಿಡಿದು ಕೊಡುವ ಅಭ್ಯಾಸವನ್ನು ಅವನು ಎಲ್ಲಿ ಕಲಿತನೋ. ಬೇರೆಯವರ ಜಗಲಿಯ ಕೆಳಗೆ ನಿಂತು ಅಜ್ಜಿ ಹಾಗೆ ಲೋಟ ಈಸಿಕೊಳ್ಳುತ್ತಿದ್ದಳು. ಬೃಂದಾಳ ಅಪ್ಪ ಪ್ರೈಮರಿ ಸ್ಕೂಲಿನ ಮೇಷ್ಟ್ರು, ನಾಲೆಯ ಬಯಲಲ್ಲಿ ಎರಡು ಬೆಳೆ ಭತ್ತದ ಗದ್ದೆಯಿತ್ತು. ಇದನ್ನೆಲ್ಲ ಅವಳು ಜಂಬವಿಲ್ಲದೆ, ಕೇಳಿದ್ದಕ್ಕೆ ಹೇಳಿದ್ದಳು. ಅವಳು ಕೇಳಿದ್ದಕ್ಕೆ ಅವನು ಮಾತ್ರ, "ನಮ್ದೂ ಹೊಗೆಸೊಪ್ಪೇ" ಎಂದಿದ್ದ. ಅದು ಸುಳ್ಳೂ ಅಲ್ಲ. ಕಟ್ಟಿದವರು ಅವನ ಮನೆಯವರು, ಸೊಪ್ಪು ಬೇರೆಯವರದು.

ಆ ಇಲ್ಲದ ಬ್ಯಾರನ್‌ಗಳಿಗೆ ಹೆಸರಿಟ್ಟ ದಿನ ನೆನಪಾಯಿತು. ಮಹಡಿಯ ಮೆಟ್ಟಿಲ ಮೇಲೆ, ಕರೆಂಟು ಹೋಗಿ ಇಬ್ಬರೂ ಕೂತಿದ್ದಾಗ ಅವಳು ಕೇಳಿದಳು, ಶಾಖ ಹೇಗೆ ಏರುತ್ತೆ, ಒಂದೇ ಸಮ ಏರುತ್ತಾ? ಅವನು ಹೇಳಿದ: ಮೊದಲು ಸಣ್ಣ ಬೆಂಕಿ, ಸೊಪ್ಪು ಹಳದಿಗೆ ತಿರುಗುವವರೆಗೆ ಅವಸರ ಮಾಡುವಂತಿಲ್ಲ, ಆಮೇಲೆ ಆ ಬಣ್ಣ ನಿಲ್ಲುವ ಹಾಗೆ ಏರಿಸಬೇಕು, ಕಡೆಗೆ ಎಲೆಯ ನಡುವಿನ ದಂಟು ಒಣಗಬೇಕು, ಅದಕ್ಕೆ ದೊಡ್ಡ ಬೆಂಕಿ. ಅಷ್ಟು ಹೊತ್ತು ಅವನು ಯಾವ ಹೆಣ್ಣಿನೆದುರೂ ಮಾತಾಡಿರಲಿಲ್ಲ. ಅವಳು ಮೊಣಕಾಲ ಮೇಲೆ ಗಲ್ಲವಿಟ್ಟು ಕೇಳುತ್ತಿದ್ದಳು. "ಬರೀ ಒಂದು, ಎರಡು ಅಂತ ನಂಬರ್ ಕೊಟ್ರೆ ಬೇಜಾರು. ನಿಮ್ಮೂರವರ ಹೆಸರು ಹೇಳಿ, ಅವ್ರದೇ ಬ್ಯಾರನ್ ಅಂತ ಹಾಕ್ತೀನಿ" ಎಂದಳು. ದಾಸಯ್ಯ, ಮಂಟಯ್ಯ, ಮರಿಯಯ್ಯ, ಕುಳ್ಳಯ್ಯ.

"ಕುಳ್ಳಯ್ಯ! ಅಷ್ಟು ಕುಳ್ಳಗಿದಾರಾ?"

"ಇಲ್ಲ. ಊರಲ್ಲಿ ಅವ್ನಷ್ಟು ಉದ್ದ ಯಾರೂ ಇಲ್ಲ."

ಅವಳು ನಕ್ಕಳು. ಕತ್ತಲ ಮೆಟ್ಟಿಲಲ್ಲಿ ಆ ನಗು ಕೆಳಗೆ ಬಸವಮ್ಮನ ಸ್ಟೌವಿನ ಸದ್ದಿನ ತನಕ ಇಳಿದು ಹೋಯಿತು. ಇನ್ನೊಂದು ಹೆಸರು ಹೇಳಿ ಎಂದಳು. ಅವನು ಚಿಕ್ಕಸಿದ್ದಮ್ಮ ಎಂದ. ಯಾರು ಅವ್ರು? ಇದ್ರು ಒಬ್ರು ಎಂದ. ಅಜ್ಜಿ ಎನ್ನಲಿಲ್ಲ. ಬೆರಳ ಸಂದಿಯಲ್ಲಿ ಸೊಪ್ಪಿನ ಅಂಟು ಕಪ್ಪಗೆ ಕೂತು ಸಾಯುವ ತನಕ ಹೋಗದಿದ್ದ ಕೈಗಳನ್ನು ಹೇಳಲಿಲ್ಲ. ಅವತ್ತಿನಿಂದ ಪರದೆಯ ಮೇಲೆ ದಾಸಯ್ಯನ ನಡುವೆ, ಮರಿಯಯ್ಯನ ನಡುವೆ, ಸ್ವಂತ ಬ್ಯಾರನ್ ಇದ್ದ ಹೆಂಗಸಾಗಿ ಅವನ ಅಜ್ಜಿ ಹಾದುಹೋಗುತ್ತಿದ್ದಳು, ಹೊತ್ತುಹೊತ್ತಿಗೆ ತನ್ನ ಶಾಖವನ್ನು ತಾನೇ ಹೇಳಿಕೊಂಡು. ಮತ್ತೆ ಪ್ರತಿ ಸಲ ಕಳಿಸುವ ಮುನ್ನ ಗೋಡೆಯ ಆಚೆಯಿಂದ ಬೃಂದಾಳ ಪ್ರಶ್ನೆ: "ಬಿಡ್ಲಾ?" ಅವನ ಉತ್ತರ: "ಹ್ಞೂಂ, ಬಿಡಿ." ದಿನಕ್ಕೆ ಎಷ್ಟೋ ಸಲ. ಈ ಎರಡು ಮಾತು ಬಿಟ್ಟು ಇನ್ನೇನನ್ನೂ ಆಡದ ದಿನಗಳಿದ್ದವು. ಆ ದಿನಗಳಲ್ಲೇ ಅವನು ಮನಸ್ಸು ತುಂಬಿಕೊಂಡು ಊರಿಗೆ ಹೋಗುತ್ತಿದ್ದ, ಅಮ್ಮ ಬೀರಮ್ಮ, "ಯಾಕ್ಲಾ ಮಗ, ಊಟ ಸೇರ್ತಿಲ್ವ?" ಎಂದು ಕೇಳುತ್ತಿದ್ದಳು.

"ಉಮಾಶಂಕರ್, ಇಲ್ಲಿ ನೋಡಿ" ಎಂದಳು ಈಗ ಬೃಂದಾ. ಕಣ್ಣುಗಳು ಕೆಂಪಾಗಿದ್ದವು. "ಮನೇಲಿ ಪೇಪರ್ ಮೇಲೆ ಬರ್ಕೊಂಡು ನೋಡ್ದೆ. ನಾನೇ ಒಂದೊಂದಾಗಿ ಕಳಿಸ್ತಿದೀನಿ ಅನ್ಸತ್ತೆ. ಅದಕ್ಕೇ ನಿಮ್ ಕಡೆ ಖಾಲಿ ಕೂತಿರುತ್ತೆ. ನಾಲ್ಕು ಭಾಗ ಮಾಡಿದೀನಿ, ನಾಲ್ಕೂ ಒಟ್ಟಿಗೆ ಕಳಿಸುತ್ವೆ. ಇದ್ರಲ್ಲಿ ಆಗ್ಲೇಬೇಕು."

ಅವಳು ಬರೆದದ್ದನ್ನು ಅವನು ನೋಡಿದ. ಅಚ್ಚುಕಟ್ಟಾಗಿತ್ತು. ಅವನಿಗೆ ಹೊಳೆಯದ ಉಪಾಯ ಅದರಲ್ಲಿ ಎರಡು ಕಡೆ ಇತ್ತು. ಇಷ್ಟು ಚೆನ್ನಾದದ್ದು ತನ್ನ ಬಾಗಿಲಿಗೆ ಬಂದು ಸಾಲುಗಟ್ಟಿ ನಿಲ್ಲುತ್ತದೆ, ತಾನು ಒಂದೊಂದನ್ನೇ ಒಳಗೆ ಬಿಟ್ಟುಕೊಂಡು ಚಿಲಕ ಹಾಕುತ್ತೇನೆ. ತನ್ನ ಕೋಣೆಗೆ ಬಂದು ಕೂತ. ಇವತ್ತು ತಿದ್ದಿಬಿಡುತ್ತೇನೆ ಎಂದುಕೊಂಡ. ಆ ಸಾಲಿರುವ ಕಡತವನ್ನು ತೆರೆದ. ಸಾಲು ಅಲ್ಲೇ ಇತ್ತು, ಏನೂ ಅರಿಯದ ಹಾಗೆ.

"ಬಿಡ್ಲಾ?"

"ಒಂದ್ ನಿಮಿಷ."

ಅವಳೇ ಎದ್ದು ಬಾಗಿಲಿಗೆ ಬಂದು ಚೌಕಟ್ಟಿಗೆ ಒರಗಿ ನಿಂತಳು. ಟೀ ಲೋಟ ಎರಡೂ ಅಂಗೈಗಳ ನಡುವೆ. "ಇವತ್ತೂ ಆಗ್ಲಿಲ್ಲ ಅಂದ್ರೆ ಏನ್ ಮಾಡ್ತಾರೆ?"

"ಇನ್ನೊಂದ್ ತಿಂಗಳು ಅವಕಾಶ ಕೇಳ್ತಾರೆ ಅನ್ಸುತ್ತೆ."

"ಹಂಗಂದ್ರೆ ಇನ್ನೊಂದ್ ತಿಂಗಳು ಇಲ್ಲೇನಾ!" ಎಂದು ನಕ್ಕು ಕಿಟಕಿಯ ಕಡೆ ನೋಡಿದಳು. ಕಿಟಕಿಯಾಚೆ ಎದುರಿನ ಮನೆಯ ಹೆಂಚಿನ ಮೇಲೆ ಯಾರೋ ಹಪ್ಪಳ ಒಣಗಿಸಿದ್ದರು.

ಆ ನಗು ಯಾವುದಕ್ಕೆ? ದಣಿವಿಗೆ ಇರಬಹುದು. ದಿನಾ ಅಷ್ಟು ದೂರದಿಂದ ಬಸ್ಸಿನಲ್ಲಿ ಬರುವವರು ಹಾಗೆ ನಗುತ್ತಾರೆ. ಆದರೆ ನಕ್ಕ ಮೇಲೆ ಅವಳು ಕಿಟಕಿಯ ಕಡೆ ಏಕೆ ನೋಡಿದಳು, ತನ್ನ ಕಡೆ ನೋಡಲಾಗದೆಯೆ? ಇನ್ನೊಂದು ತಿಂಗಳು ಎಂಬ ಮಾತಿನಲ್ಲಿ ಅವಳ ದನಿ ಕೊಂಚ ಮೇಲೆದ್ದಿತಲ್ಲ. ಬೇಸರದಲ್ಲಿ ದನಿ ಇಳಿಯುತ್ತದೆ, ಏಳುವುದಿಲ್ಲ. ಹಸಿದವನು ಪಕ್ಕದ ಮನೆಯ ಒಗ್ಗರಣೆಯ ಸದ್ದನ್ನು ತನ್ನ ಮನೆಯದೆಂದು ಕೇಳಿಸಿಕೊಳ್ಳುವ ಹಾಗೆ ಅವನು ಆ ನಗುವನ್ನು ಒಳಗೆ ತೆಗೆದುಕೊಂಡ, ಭದ್ರವಾಗಿ ಕೂತಿತೆಂದು ಖಾತ್ರಿ ಮಾಡಿಕೊಂಡ. ಇನ್ನೊಂದು ತಿಂಗಳು ಸಿಕ್ಕರೆ ಹೇಳಬಹುದು. ಎಲ್ಲವನ್ನೂ ಹೇಳಬಹುದು, ಅಜ್ಜಿಯ ವಿಷಯವನ್ನೂ. ಕಡತವನ್ನು ಮುಚ್ಚಿದ.

"ಈಗ ಬಿಡಿ" ಎಂದ.

ನೂರು ಚಿಲ್ಲರೆ. ಗೋಡೆಯ ಆಚೆ ಕುರ್ಚಿ ಕಿರುಗುಟ್ಟಿದ ಸದ್ದು ಮಾತ್ರ ಕೇಳಿಸಿತು.

ನೀಲಕಂಠಸ್ವಾಮಿಯವರು ಕಂಪನಿಯ ಅಧಿಕಾರಿಯನ್ನು ಮುಂದಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದಾಗ ಬಿಸಿಲು ಏರಿತ್ತು. ಅಧಿಕಾರಿ ಒಳ್ಳೆಯ ಮನುಷ್ಯ, ಕುರ್ಚಿ ತೋರಿಸಿದರೂ ಕೂರಲಿಲ್ಲ, ಎರಡು ಕೋಣೆಯ ನಡುವಿನ ಬಾಗಿಲಲ್ಲಿ ನಿಂತು ಆಚೀಚೆ ನೋಡಿದರು. ಪರದೆಯ ಮೇಲೆ ಹೆಸರುಗಳು ಓಡುತ್ತಿದ್ದವು. "ಯಾರ್ರೀ ಇವರೆಲ್ಲ?" ಎಂದು ಕೇಳಿದರು. "ಸುಮ್ನೆ ಸರ್, ಡಮ್ಮಿ ಹೆಸರುಗಳು" ಎಂದರು ನೀಲಕಂಠಸ್ವಾಮಿ. ಅಂಕಿ ಎಲ್ಲಿತ್ತೋ ಅಲ್ಲೇ ನಿಂತಿತು. ಅಧಿಕಾರಿ ಗಡಿಯಾರ ನೋಡಿಕೊಂಡು, ಬೈಲುಕುಪ್ಪೆ ಇಲ್ಲಿಂದ ಹತ್ತಿರವೇ, ಅಲ್ಲಿ ಟಿಬೆಟಿನವರ ಹತ್ತಿರ ಸ್ವೆಟರು ಚೆನ್ನಾಗಿ ಸಿಗುತ್ತದಂತೆ, ಮನೆಯವರು ಹೇಳಿದ್ದಾರೆ ಎಂದರು. ನೀಲಕಂಠಸ್ವಾಮಿಯವರ ಕಿವಿ ಕೆಂಪಾಯಿತು.

"ಏನಮ್ಮಾ ಇದು? ವಾರವಾರ ಇದೇ ಕತೆ. ಡೇಟಾಬೇಸಿಗೆ ನಾನು ಲೈಸೆನ್ಸ್ ದುಡ್ಡು ಕೊಟ್ಟು ತಂದಿದೀನಿ. ಅದು ನಿಧಾನ ಆಗೋಕೆ ಸಾಧ್ಯನೇ ಇಲ್ಲ. ಕಳಿಸೋದು ನಿನ್ನ ಪ್ರೋಗ್ರಾಮ್ ತಾನೇ?"

"ಹೌದು ಸರ್. ಇವತ್ತು ಬೇರೆ ಥರ ಬರೆದಿದ್ದೆ..."

"ಬೇರೆ ಥರ ಬರೆದು ಏನ್ ಬಂತು? ಕಾಲೇಜಲ್ಲಿ ಮಾರ್ಕ್ಸ್ ಕೊಡ್ತಾರೆ ಅಂತ ಇಲ್ಲಿ ಕೆಲಸ ನಡಿಯಲ್ಲಮ್ಮ." ಆಮೇಲೆ ತಿರುಗಿ, "ನೀನು ಹೇಳಪ್ಪ ಉಮಾಶಂಕರ. ನಿನ್ ಕಡೆ ಸರಿ ಇದೆಯಾ?"

ಬೃಂದಾ ಅವನ ಕಡೆ ನೋಡಿದಳು. ಸಂದೇಹದಿಂದಲ್ಲ. ಅವನೊಬ್ಬ ಹೇಳಿದರೆ ತನಗೂ ನಿಜ ತಿಳಿದೀತು ಎಂಬ ನಂಬಿಕೆಯಿಂದ, ಡಾಕ್ಟರ ಬಾಯಿ ನೋಡುವವರ ಹಾಗೆ. ಹೊರಗೆ ಕಬ್ಬಿಣದ ಸಾಮಾನು ಇಳಿಸುವ ಸದ್ದು. ಅವನಿಗೆ ತನ್ನ ನಾಲಿಗೆ ಬಾಯಲ್ಲಿ ಇರುವುದು ತಿಳಿಯಿತು, ಹಲ್ಲುಗಳಿರುವುದು ತಿಳಿಯಿತು. ಸರಿ ಇಲ್ಲ ಎಂದರೆ ಏಕೆ ಎನ್ನುತ್ತಾರೆ. ಏಕೆ ಎಂದರೆ ಎಂದಿನಿಂದ ಎನ್ನುತ್ತಾರೆ. ಎಂದಿನಿಂದ ಎಂದು ಹೇಳಿದ ಮೇಲೆ ಅವಳು ಈ ಕಣ್ಣಿನಿಂದ ನೋಡುವುದಿಲ್ಲ.

"ಸರಿ ಇದೆ ಸರ್" ಎಂದ.

"ಅಲ್ಲಿಗೆ ಮುಗೀತು."

"ನನ್ ಕಡೆಯಿಂದಾನೇ ಇರ್ಬೇಕು ಸರ್" ಎಂದಳು ಬೃಂದಾ. ಅಳಲಿಲ್ಲ. ಲೆಕ್ಕ ತಪ್ಪಿದಾಗ ಬೋರ್ಡಿನ ಮುಂದೆ ನಿಂತ ಮಕ್ಕಳು ಸೀಮೆಸುಣ್ಣವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದಿರುವ ಹಾಗೆ, ಖಾಲಿ ಟೀ ಲೋಟವನ್ನು ಹಿಡಿದು ನಿಂತಿದ್ದಳು.

ಇನ್ನೊಂದು ತಿಂಗಳು ಸಿಗಲಿಲ್ಲ. ಕಂಪನಿಯವರು ಒಂದು ವಾರ ಕೊಟ್ಟರು. ಅಧಿಕಾರಿಯನ್ನು ಕಾರಿಗೆ ಹತ್ತಿಸಿ ಬಂದ ನೀಲಕಂಠಸ್ವಾಮಿಯವರು ಮೆಟ್ಟಿಲ ಕೆಳಗೇ ನಿಂತು, ನಾಳೆ ಮೈಸೂರಿನಿಂದ ಬೇರೆ ಹುಡುಗನನ್ನು ಕಳಿಸುತ್ತೇನೆ, ನೀನು ಇನ್ನು ಬರುವುದು ಬೇಡಮ್ಮ, ಬೇಜಾರು ಮಾಡ್ಕೋಬೇಡ ಎಂದರು. ಅವರಿಗೂ ಕೋಪ ಇಳಿದಿತ್ತು. ಇದನ್ನು ಉಮಾಶಂಕರ ಎಣಿಸಿರಲಿಲ್ಲ. ಸೋತರೆ ಇಬ್ಬರೂ ಒಟ್ಟಿಗೆ ಸೋಲುತ್ತೇವೆ, ಸೋತವರು ಒಂದೇ ಮಹಡಿಯ ಮೇಲೆ ಉಳಿಯುತ್ತೇವೆ ಎಂದುಕೊಂಡಿದ್ದ. ಅವಳ ಹೆಸರನ್ನು ಬೇರೆಯಾಗಿ ಎತ್ತಿ ಹೊರಗಿಡುತ್ತಾರೆಂದು, ಎತ್ತಿಕೊಟ್ಟ ಕೈ ತನ್ನದೇ ಆಗುತ್ತದೆಂದು ಎಣಿಸಿರಲಿಲ್ಲ. ಅಥವಾ ಹಿತ್ತಿಲಿಗೆ ಸರಿಯುತ್ತಿದ್ದ ಆ ಯೋಚನೆಗೆ ಇದೆಲ್ಲ ಮೊದಲೇ ಗೊತ್ತಿತ್ತೆ?

ಬಸ್‌ಸ್ಟ್ಯಾಂಡಿನಲ್ಲಿ ಕೆ.ಆರ್. ನಗರದ ಬಸ್ಸು ನಿಂತಿತ್ತು, ಡ್ರೈವರ್ ಇರಲಿಲ್ಲ. ಅವಳು ಕಿಟಕಿಯ ಪಕ್ಕ ಕೂತಳು, ಅವನು ಕೆಳಗೆ ನಿಂತ. ಕಡಲೆಕಾಯಿ ಮಾರುವವನು ಬಂದು ಹೋದ. ಇಷ್ಟು ಹತ್ತಿರದಿಂದ ಅವಳನ್ನು ಕತ್ತೆತ್ತಿ ನೋಡಿದ್ದು ಇದೇ ಮೊದಲು. ಗಲ್ಲದ ಕೆಳಗೆ ಒಂದು ಸಣ್ಣ ಮಚ್ಚೆಯಿತ್ತು. ಇದನ್ನು ಇಷ್ಟು ದಿನ ನೋಡಿಯೇ ಇರಲಿಲ್ಲವಲ್ಲ ಎಂಬ ಸಂಕಟ, ಉಳಿದೆಲ್ಲ ಸಂಕಟವನ್ನು ತಳ್ಳಿಕೊಂಡು ಮುಂದೆ ಬಂತು.

"ಅಪ್ಪ ಮೊದ್ಲೇ ಹೇಳಿದ್ರು, ಬಿ.ಎಡ್. ಮಾಡು ಅಂತ" ಎಂದಳು. "ನಾನೇ ಹಟ ಮಾಡಿ ಬಂದೆ. ನನಗೆ ಇದು ಬರುತ್ತೆ ಅನ್ಕೊಂಡಿದ್ದೆ ರೀ."

"ಬರುತ್ತೆ ನಿಮ್ಗೆ."

"ಸಮಾಧಾನಕ್ಕೆ ಹೇಳ್ಬೇಡಿ." ಕೈಚೀಲದಿಂದ ಪೆನ್ನು ತೆಗೆದು, ಬಸ್ಸಿನ ಹಳೆಯ ಟಿಕೆಟೊಂದರ ಹಿಂದೆ ಬರೆದು ಕೊಟ್ಟಳು. "ಪಕ್ಕದ ಮನೆ ಫೋನು, ಕರೀತಾರೆ. ನನ್ನ ಪ್ರೋಗ್ರಾಮ್‌ನಲ್ಲಿ ಎಲ್ಲಿ ತಪ್ಪಾಗಿತ್ತು ಅಂತ ನಿಮಗೇನಾದ್ರೂ ಗೊತ್ತಾದ್ರೆ ಒಂದ್ ಫೋನ್ ಮಾಡಿ. ಕೆಲ್ಸಕ್ಕಲ್ಲ. ಸುಮ್ನೆ ತಿಳ್ಕೊಬೇಕು. ಇಲ್ದಿದ್ರೆ ಅದೇ ತಲೇಲಿ ಓಡ್ತಿರತ್ತೆ."

ಆಗ ಹೇಳಬಹುದಿತ್ತು. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಅವನು ಆ ಚೀಟಿಯನ್ನು ನೋಡಿ, ಅವಳ ಏಳು ಎಂಬ ಅಂಕಿಯ ನಡುವೆ ಅಡ್ಡಗೆರೆ ಇರುವುದನ್ನು ನೋಡಿ, ಇದು ಇನ್ನು ತನ್ನದು ಎಂದುಕೊಂಡು ಜೇಬಿಗೆ ಹಾಕಿಕೊಂಡ. ಅವಳು ಹೋಗುವ ಹೊತ್ತಿನಲ್ಲೂ ಅವನೊಳಗಿನ ಒಬ್ಬ, ಸಿಕ್ಕಿದ್ದನ್ನು ಎಣಿಸುತ್ತಿದ್ದ.

ಮರುದಿನ ಮೈಸೂರಿನ ಹುಡುಗ ಬರುವ ಮೊದಲೇ ಆ ಸಾಲನ್ನು ತಿದ್ದಿದ. ಬೃಂದಾಳ ಪ್ರೋಗ್ರಾಮನ್ನು ಇದ್ದ ಹಾಗೆಯೇ ಬಿಟ್ಟ. ಬಿಡ್ಲಾ ಎಂದು ಯಾರೂ ಕೇಳಲಿಲ್ಲ. ಅವನೇ ಆ ಕೋಣೆಗೆ ಹೋಗಿ ಬಿಟ್ಟು, ಈ ಕೋಣೆಗೆ ಬಂದು ತೆಗೆದುಕೊಂಡ. ನಾಲ್ಕು ಭಾಗವಾಗಿ ಹರಿದು ಬಂದ ಅದು ಸಾವಿರವನ್ನು ಹುಲ್ಲುಕಡ್ಡಿಯ ಹಾಗೆ ದಾಟಿ, ಎರಡು ಸಾವಿರದ ಹತ್ತಿರ ಹೋಗಿ ನಿಂತಿತು. ಅವಳು ಬರೆದದ್ದು ಅಷ್ಟು ಚೆನ್ನಾಗಿತ್ತು. ಫೋನಿನಲ್ಲಿ ನೀಲಕಂಠಸ್ವಾಮಿಯವರು ಕೂಗಿಕೊಂಡರು: "ನೋಡಿದ್ಯಾ! ನಾನು ಹೇಳ್ಲಿಲ್ವಾ? ಏನ್ ರಿಪೇರಿ ಮಾಡ್ದೆ ಅವಳ ಪ್ರೋಗ್ರಾಮ್‌ನಲ್ಲಿ?" ಅವನು "ಸ್ವಲ್ಪ ಸರಿ ಮಾಡ್ದೆ ಸರ್" ಎಂದ. ಅವನ ಕೆಲಸ ಕಾಯಂ ಆಯಿತು. ಅಮ್ಮ ಬೀರಮ್ಮ ಊರಲ್ಲಿ ಪಾಯಸ ಮಾಡಿ ಪಕ್ಕದ ಮನೆಗೂ ಕೊಟ್ಟಳು.

ಕಾಯಿನ್ ಬೂತು ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿತ್ತು. ಹೇಳಿಬಿಡಲೆಂದೇ ಮೊದಲ ಸಲ ಹೋದ. ಆ ಕಡೆ ಹೆಂಗಸೊಬ್ಬಳು ರಿಸೀವರನ್ನು ಎಲ್ಲೋ ಇಟ್ಟು, "ಬೃಂದಾ, ಹುಣಸೂರಿಂದ ಫೋನು ಕಣೇ!" ಎಂದು ಕೂಗಿದಳು. ಆಮೇಲೆ ಬರೀ ಮನೆಯ ಸದ್ದು. ಯಾವುದೋ ಗೇಟು ಕಿರ್ರೆಂದಿತು. ಓಡಿ ಬರುವ ಹೆಜ್ಜೆಗಳು ಕೇಳಿಸಿದವು. ಅವಳು ಓಡಿ ಬರುತ್ತಿದ್ದಳು. ಅವನ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವನಿಗಾಗಿ ಯಾರೂ ಹಾಗೆ ಓಡಿ ಬಂದಿರಲಿಲ್ಲ.

"ಹಲೋ?" ಏದುಸಿರು. "ಗೊತ್ತಾಯ್ತಾ?"

ಆ ಉಸಿರು ಕಿವಿಯೊಳಗೇ ಇತ್ತು. ಗೊತ್ತಾಯ್ತು ಎಂದರೆ ಈ ಓಟ ಇದೇ ಕೊನೆ.

"ಇಲ್ಲ" ಎಂದ. "ಇನ್ನೂ ನೋಡ್ತಾ ಇದೀನಿ."

"ಪರವಾಗಿಲ್ಲ ಬಿಡಿ. ನಾನೂ ಯೋಚ್ನೆ ಮಾಡ್ತಾನೇ ಇದೀನಿ. ಆ ನಾಲ್ಕು ಭಾಗ ಒಂದಕ್ಕೊಂದು ಕಾಯ್ತಿದ್ವೇನೋ?"

"ಇರ್ಬಹುದು. ನೋಡಿ ಹೇಳ್ತೀನಿ."

ಮುಂದಿನ ವಾರ ಮತ್ತೆ ಗೇಟು, ಮತ್ತೆ ಹೆಜ್ಜೆ, ಮತ್ತೆ ಗೊತ್ತಾಯ್ತಾ. ಅವನು ಅವಳ ಪ್ರೋಗ್ರಾಮಿನ ಒಂದೊಂದು ಮೂಲೆಯನ್ನು ಸಂದೇಹಿಸುತ್ತ ಮಾತು ಬೆಳೆಸಿದ. ಇಲ್ಲದ ತಪ್ಪುಗಳನ್ನು ಒಂದೊಂದಾಗಿ ಕಳಿಸಿದ, ಅವಳು ಒಂದೊಂದನ್ನೂ ಶ್ರದ್ಧೆಯಿಂದ ತೆಗೆದುಕೊಂಡಳು, ಮನೆಗೆ ಹೋಗಿ ಕಾಗದದ ಮೇಲೆ ಹಾಕಿ ನೋಡಿದಳು, ಇಲ್ಲ ಅದಲ್ಲ ಅನ್ಸುತ್ತೆ ಎಂದಳು. ಒಂದು ಸಲ ಹಾಗೇ ಮಾತಿಗೆ ಮಾತು ಬಂದು ನಕ್ಕಳು ಕೂಡ. ಬೂತಿನಿಂದ ಹೊರಗೆ ಬಂದು ಅವನು ಸೇತುವೆಯ ಮೇಲೆ ಹೊತ್ತು ಮುಳುಗುವ ತನಕ ನಿಂತಿದ್ದ. ಎದೆಯಲ್ಲಿ ಸುಖವೂ ಹೇಸಿಗೆಯೂ ಒಂದೇ ತೂಕದಲ್ಲಿದ್ದವು. ಆಮೇಲಾಮೇಲೆ ಹೆಜ್ಜೆಗಳು ಓಡುವುದನ್ನು ಬಿಟ್ಟು ನಡೆಯತೊಡಗಿದವು. ಅದನ್ನು ಅವನು ಗಮನಿಸಿದ, ಗಮನಿಸದಂತೆ ಇದ್ದ.

ಸೊಪ್ಪಿನ ಕಾಲ ಮುಗಿದು ಊರಿನ ಗಾಳಿ ಬರಿದಾದ ಮೇಲೆ ಒಂದು ಮಧ್ಯಾಹ್ನ ಅವಳ ದನಿ ಬೇರೆಯಾಗಿತ್ತು. ಏದುಸಿರಿರಲಿಲ್ಲ. "ಬಿ.ಎಡ್.ಗೆ ಸೇರ್ಕೊಂಡೆ" ಎಂದಳು. "ಪುಸ್ತಕ ಎಲ್ಲಾ ತಂಗಿಗೆ ಕೊಟ್ಬಿಟ್ಟೆ, ಕಂಪ್ಯೂಟರಿಂದು. ಇನ್ಮೇಲೆ ಅದನ್ನ ಯೋಚ್ನೆ ಮಾಡಲ್ಲ. ನೀವೂ ಬಿಟ್ಬಿಡಿ ಉಮಾಶಂಕರ್, ಪಾಪ, ನನಗೋಸ್ಕರ ಎಷ್ಟ್ ದಿನ ಅಂತ ಹುಡುಕ್ತೀರಾ. ನಿಮ್ ಉಪಕಾರ ಮರೆಯಲ್ಲ. ನನಗೆ ಅದು ಬರ್ತಿರ್ಲಿಲ್ಲ, ಅಷ್ಟೇ."

ಸಮಯ ಮುಗಿಯುವ ಸೂಚನೆಯ ಸದ್ದು ಬಂತು. ಇನ್ನೊಂದು ನಾಣ್ಯ ಅವನ ಅಂಗೈಯಲ್ಲೇ ಇತ್ತು, ಬಿಸಿಯಾಗಿ. ಬೂತಿನ ಗಾಜಿನಾಚೆ ಒಬ್ಬ ಸರದಿಗೆ ಕಾಯುತ್ತ ಒಳಗೆ ನೋಡುತ್ತಿದ್ದ. "ಇಡ್ಲಾ?" ಎಂದಳು ಅವಳು. "ಹ್ಞೂಂ" ಎಂದ.

ಅವಳ ಪ್ರೋಗ್ರಾಮಿನಲ್ಲಿ ಎಲ್ಲಿಯೂ ತಪ್ಪಿರಲಿಲ್ಲ, ತಪ್ಪು ತನ್ನ ಕಡೆಯದೆಂದು ತನಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದನ್ನು ಉಮಾಶಂಕರ ಅವಳಿಗೆ ಹೇಳಲಿಲ್ಲ.